ಹಡಗಿನ ಹಿಂಬಾಗಿಲು

ಆಫೀಸಿನಲ್ಲಿ ಅವಳನ್ನು ಎಲ್ಲರೂ ನಕ್ಷೆಯಕ್ಕ ಎನ್ನುತ್ತಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪಂಪಿನ ಎಂಜಿನಿಯರ್‌ವರೆಗೆ ಎಲ್ಲರಿಗೂ ಅವಳು ಅಕ್ಕನೇ. ಇಪ್ಪತ್ತಮೂರು ವರ್ಷಗಳಿಂದ ನೌಕಾಪಡೆಯ ಹಡಗುಗಳಿಗೆ ನಕ್ಷೆ ಮಾಡುತ್ತ ಬಂದವಳು. ಅವಳು ಗೆರೆ ಎಳೆದ ಏಳು ಹಡಗುಗಳು ಸಮುದ್ರದ ಮೇಲೆ ಓಡಾಡಿಕೊಂಡಿದ್ದವು. ಅವಳು ಮಾತ್ರ ಒಂದು ಸಣ್ಣ ದೋಣಿಗೂ ಕಾಲಿಟ್ಟವಳಲ್ಲ. ಯಾರಾದರೂ ಕೆಣಕಿದರೆ, "ಅಡುಗೆ ಮಾಡೋರೆಲ್ಲ ಬಾಣಲೆಗೆ ಇಳೀಬೇಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಂಟನೆಯ ಹಡಗಿನ ಕೆಲಸ ಬಂದಾಗ ಆ ಮಾತು ನಡೆಯದಾಯಿತು.

ಅದು ಆಳಿಲ್ಲದೆ ಓಡುವ ಯಂತ್ರಗಳನ್ನು ಹೊತ್ತೊಯ್ಯುವ ಹಡಗು. ಅದರ ಹೊಟ್ಟೆಯಿಂದ ಆಳಿಲ್ಲದ ದೋಣಿಗಳು ಹೊರಟು, ನೀರಿನಡಿ ಯಾರೋ ಹುದುಗಿಸಿಟ್ಟ ಸಿಡಿಗುಂಡುಗಳನ್ನು ಹುಡುಕಿ, ಮತ್ತೆ ತಾವಾಗಿಯೇ ಬಂದು ಒಳಗೆ ಸೇರಿಕೊಳ್ಳಬೇಕು. ಅಂಥ ಯಂತ್ರಗಳ ಪಟ್ಟಿಯನ್ನೂ ಕಳಿಸಿದ್ದರು. ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಅವುಗಳಲ್ಲಿ ನಾಲ್ಕನ್ನು ಇನ್ನೂ ಯಾರೂ ತಯಾರಿಸಿಯೇ ಇರಲಿಲ್ಲ.

"ಹುಟ್ಟದೇ ಇರೋ ಮಗೂಗೆ ಅಂಗಿ ಹೊಲಿ ಅಂತಿದಾರೆ ಸರ್," ಎಂದಳು ನಕ್ಷೆಯಕ್ಕ, ಮುಖ್ಯಸ್ಥರ ಮುಂದೆ ಪಟ್ಟಿ ಹಿಡಿದು.

"ಹೊಲೀರಿ ಮತ್ತೆ. ದೊಗಳೆ ಆದ್ರೂ ಪರವಾಗಿಲ್ಲ," ಎಂದರು ಮುಖ್ಯಸ್ಥರು.

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಹಡಗಿನ ಹಿಂಭಾಗದಲ್ಲಿ ಇಪ್ಪತ್ತಾರು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಒಂದು ಹಜಾರ ಬರೆದಳು. ನೆಲದಲ್ಲಿ ಹಳಿ, ಸೂರಿನಲ್ಲಿ ಕ್ರೇನು, ಗೋಡೆಗೆ ವಿದ್ಯುತ್ತು, ಹಿಂದೆ ಒಂದು ದೊಡ್ಡ ಬಾಗಿಲು, ಬಾಗಿಲಿನಿಂದ ನೀರಿಗೆ ಇಳಿಯುವ ಇಳಿಜಾರು. ಇಷ್ಟೇ. ಉಳಿದದ್ದೆಲ್ಲ ಖಾಲಿ. ಇಂದಿನ ಯಂತ್ರ ಇಂದು, ನಾಳೆಯದು ನಾಳೆ. ಯಾವುದು ಬಂದರೂ ಜಾಗವಿರಲಿ ಎಂಬುದು ಅವಳ ಲೆಕ್ಕ.

ಆದರೆ ಹಡಗಿನಲ್ಲಿ ಖಾಲಿ ಜಾಗವೆಂದರೆ ಬಸ್ಸಿನಲ್ಲಿ ಖಾಲಿ ಸೀಟಿದ್ದ ಹಾಗೆ. ಯಾರಾದರೂ ಬಂದು ಕರ್ಚೀಫು ಹಾಕಿಯೇ ಹಾಕುತ್ತಾರೆ. ಸೋಮವಾರ ಕಂಪ್ಯೂಟರಿನಲ್ಲಿ ನಕ್ಷೆ ತೆರೆದರೆ ಹಜಾರದ ಮೂಲೆಯಲ್ಲಿ ಎರಡು ಫ್ರೀಜರ್ ನಿಂತಿದ್ದವು. ಅಳಿಸಿದಳು. ಬುಧವಾರ ಗೋಡೆಗೆ ಒತ್ತಿಕೊಂಡು ಬಟ್ಟೆ ಒಗೆಯುವ ಕೋಣೆ ಹುಟ್ಟಿಕೊಂಡಿತ್ತು. ಅಳಿಸಿ, ಆ ಜಾಗದಲ್ಲಿ ಕೆಂಪಕ್ಷರದಲ್ಲಿ "ಇಲ್ಲಿ ಒಗೆಯಬಾರದು" ಎಂದು ಬರೆದಳು. ಶುಕ್ರವಾರ ಪಂಪಿನ ಎಂಜಿನಿಯರ್ ಖುದ್ದಾಗಿ ಬಂದು, ಕುರ್ಚಿ ಎಳೆದುಕೊಂಡು ಕೂತರು.

"ಅಕ್ಕಾ, ನೀರು ಒಳಗೆ ಬರೋ ಜಾಗ ಅದು. ಇಳಿಜಾರಿನ ಕೆಳಗೆ ನನಗೊಂದಿಷ್ಟು ಕೊಡಿ. ತೊಟ್ಟಿ ಮಾಡ್ತೀನಿ, ಎರಡು ಕೊಳವೆ ಹಾಕ್ತೀನಿ."

"ಬಂದ ನೀರು ಬಂದ ದಾರೀಲಿ ಹೋಗುತ್ತೆ ಸರ್. ಒಂದು ಗೇಣೂ ಕೊಡಲ್ಲ."

"ನೀರಿಗೆ ಅಷ್ಟು ಮರ್ಯಾದೆ ಇರಲ್ಲಮ್ಮ," ಎಂದು ಅವರು ಎದ್ದು ಹೋದರು. ಅವಳು ಅವರ ಬೆನ್ನಿಗೆ ನಗೆ ಬೀರಿ, ಗೆದ್ದೆನೆಂದುಕೊಂಡು ಚಹಾ ಕುಡಿದಳು.

ಇನ್ನು ಅವಳ ತಮ್ಮನ ವಿಷಯ. ಆರಡಿ ಎರಡಂಗುಲ ಎತ್ತರ, ಮೂವತ್ತೊಂಬತ್ತು ವರ್ಷ, ಹಣೆ ನೆತ್ತಿಯವರೆಗೆ ಹಬ್ಬಿತ್ತು. ಆದರೂ ಅವನಿಗೆ ಪುಟ್ಟ ಎಂದೇ ಹೆಸರು. ಬಂದರಿನ ಆಚೆ ದಡದ ಪ್ರಯೋಗಾಲಯದಲ್ಲಿ ಆಳಿಲ್ಲದ ದೋಣಿಗಳನ್ನು ಕಟ್ಟುವವನು ಅವನೇ. ಅಕ್ಕನ ಹಡಗಿಗೆ ತಮ್ಮನ ದೋಣಿ ಎಂದು ಮೇಲಿನವರು ತೀರ್ಮಾನಿಸಿದ ದಿನ ಇಬ್ಬರೂ ಒಟ್ಟಿಗೇ ಅಮ್ಮನಿಗೆ ಫೋನು ಮಾಡಿದ್ದರು. ಒಂದೇ ಕಟ್ಟಡದಲ್ಲಿ ಇಬ್ಬರ ಮನೆಗಳ ನಡುವಿನ ಮಹಡಿಯಲ್ಲಿ ವಾಸವಾಗಿದ್ದ ಅಮ್ಮ ಎರಡು ಕಡೆಯ ಮಾತನ್ನೂ ಕೇಳಿ ಹೇಳಿದ್ದು ಇಷ್ಟೇ: "ಹೊಡೆದಾಡಬೇಡಿ. ಹೊಡೆದಾಡಿದ್ರೆ ನನಗೆ ಹೇಳಬೇಡಿ."

ಹಡಗು ಕಟ್ಟುವ ಮೊದಲು ಹಿಂಬಾಗಿಲನ್ನು ಪರೀಕ್ಷೆ ಮಾಡಬೇಕಿತ್ತು. ಬಾರ್ಜ್ ಎಂಬ ಹಳೆಯ ಚಪ್ಪಟೆ ಸರಕುದೋಣಿಯೊಂದರ ಹಿಂದೆ ಉಕ್ಕು, ಪ್ಲೈವುಡ್ಡು ಸೇರಿಸಿ, ಬಾಗಿಲು, ಇಳಿಜಾರು, ಹಜಾರ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಕಟ್ಟಿದರು. ಒಂದು ಟಗ್ ದೋಣಿ ಆ ಬಾರ್ಜನ್ನು ಬಂದರಿನ ಹೊರಗೆ ಅಲೆಗಳಿರುವ ಕಡೆ ಮೆಲ್ಲನೆ ಎಳೆದುಕೊಂಡು ಹೋಗಬೇಕು. ಹಿಂದಿನಿಂದ ಪುಟ್ಟನ ದೋಣಿ ಬಂದು ಬಾಗಿಲೊಳಗೆ ನುಗ್ಗಬೇಕು. ನಾಲ್ಕನೆಯ ದಿನ ನೌಕಾಪಡೆಯ ಹಿರಿಯ ಅಧಿಕಾರಿ ನೋಡಲು ಬರುವವರಿದ್ದರು.

ಮೊದಲ ದಿನ ದೋಣಿ ಹೊರಡುವುದು ಸಲೀಸಾಗಿ ಆಯಿತು. ಒಂಬತ್ತು ಮೀಟರಿನ ಬೂದು ಬಣ್ಣದ ದೋಣಿ ಇಳಿಜಾರಿನಲ್ಲಿ ಜರ್ರನೆ ಜಾರಿ, ನೀರು ಚಿಮ್ಮಿಸಿ, ಚೆಂದವಾಗಿ ಒಂದು ಸುತ್ತು ಹಾಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪುಟ್ಟ ಬಾರ್ಜಿನ ಮೇಲೆ ಕೂತು, ವಾಪಸು ಬಾ ಎಂಬ ಗುಂಡಿ ಒತ್ತಿದ. ದೋಣಿ ಬಂತು. ಬಾಗಿಲಿನ ಹತ್ತು ಮೀಟರ್ ಹತ್ತಿರ ಬಂತು. ನಿಂತಿತು. ಒಂದು ಗಳಿಗೆ ಯೋಚಿಸುವ ಹಾಗೆ ಮೂಗು ಎತ್ತಿ ಇಳಿಸಿತು. ಆಮೇಲೆ ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ಓಟ ಕಿತ್ತಿತು.

ಹದಿನಾಲ್ಕು ಸಲ ಕರೆದರು. ಹದಿನಾಲ್ಕು ಸಲವೂ ಅದೇ ಕಥೆ.

"ನಿನ್ನ ದೋಣಿಗೆ ಪುಕ್ಕಲು ಕಣೋ," ಎಂದಳು ನಕ್ಷೆಯಕ್ಕ.

"ನಿನ್ನ ಬಾಗಿಲು ನೋಡಿದ್ರೆ ಯಾರಿಗಾದ್ರೂ ಪುಕ್ಕಲೇ. ಇಳಿಜಾರು ಸರಿ ಇಲ್ಲ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ!"

"ನೆಲ ನಿಜವಾಗ್ಲೂ ಡೊಂಕೇ ಇದ್ದರೆ ಏನ್ ಅನ್ನಬೇಕಂತೆ?"

ಪುಟ್ಟನ ವಿವರಣೆ ಹೀಗಿತ್ತು: ದೋಣಿಗೆ ಎದುರಿಗೆ ಗೋಡೆ ಕಂಡರೆ ತಿರುಗಿ ಹೋಗಬೇಕೆಂದು ಕಲಿಸಲಾಗಿದೆ. ಬಾಗಿಲಿನ ಮುಂದೆ ನೊರೆ ಎಷ್ಟು ದಪ್ಪಕ್ಕೆ ಏಳುತ್ತದೆಂದರೆ, ಅದರ ಕ್ಯಾಮೆರಾ ಕಣ್ಣಿಗೆ ನೊರೆಯೇ ಬಿಳಿ ಗೋಡೆಯಾಗಿ ಕಾಣುತ್ತದೆ. ಎರಡನೆಯ ದಿನ ಅವನು ದೋಣಿಗೆ ನೊರೆಯನ್ನು ಲೆಕ್ಕಿಸಬೇಡವೆಂದು ಹೇಳಿಕೊಟ್ಟ. ಅದು ಧೈರ್ಯವಾಗಿ ನುಗ್ಗಿ, ಅರ್ಧ ಇಳಿಜಾರು ಹತ್ತಿತು. ಅಷ್ಟರಲ್ಲಿ ಒಳಗಿನಿಂದ ಯಾರೋ ಎರಡು ಕೈಯಲ್ಲಿ ದಬ್ಬಿದ ಹಾಗೆ ಅದು ಹಿಂದಕ್ಕೆ ಜಾರಿ, ಬಾಗಿಲ ಕಂಬಕ್ಕೆ ಸೊಂಟ ಬಡಿದುಕೊಂಡು ನೀರಿಗೆ ಬಿತ್ತು. ಬೂದು ಬಣ್ಣ ಒಂದು ಮೊಳದಷ್ಟು ಕಿತ್ತುಹೋಯಿತು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮೂರನೆಯ ದಿನ ಬೆಳಿಗ್ಗೆ ನಕ್ಷೆಯಕ್ಕ ಬಾರ್ಜಿನ ಅಂಚಿನಲ್ಲಿ ನಿಂತು ಆ ನೀರನ್ನೇ ನೋಡಿದಳು. ಮೇಲಿನಿಂದ ಏನೂ ತಿಳಿಯುತ್ತಿರಲಿಲ್ಲ. ನೊರೆಯ ಕೆಳಗೆ ನಡೆಯುವುದನ್ನು ನೊರೆ ಮುಚ್ಚಿಹಾಕುತ್ತಿತ್ತು. ಕೆಳಗಿನಿಂದ ನೋಡಬೇಕು. ದೋಣಿಯ ಕಣ್ಣಿರುವ ಎತ್ತರದಿಂದ ನೋಡಬೇಕು. ಹಾಗೆ ಅನ್ನಿಸಿದ ತಕ್ಷಣ ಅವಳು ತಮ್ಮನ ಕಡೆ ತಿರುಗಿದಳು.

"ಪುಟ್ಟಾ, ನಿನ್ನ ದೋಣಿ ಮೇಲೆ ಒಬ್ಬರು ಮಲಗಬಹುದಾ?"

"ಆಳಿಲ್ಲದ ದೋಣಿ ಅಕ್ಕ ಅದು. ಹೆಸರಲ್ಲೇ ಇದೆ."

"ಭಾರ ತಡೆಯುತ್ತಾ ಅಂತ ಕೇಳಿದ್ದು."

ಪುಟ್ಟ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾಗಿ ಅವನ ಬಾಯಿ ತೆರೆದುಕೊಂಡಿತು. "ಬೇಡ. ಅಮ್ಮ ನನ್ನ ಚರ್ಮ ಸುಲೀತಾಳೆ."

"ಅಮ್ಮನಿಗೆ ಯಾರು ಹೇಳ್ತಾರೆ?"

"ನೀನೇ ಹೇಳ್ತೀಯ! ನಿನ್ನ ಬಾಯಲ್ಲಿ ಏನಾದ್ರೂ ನಿಂತಿದೆಯಾ ಇವತ್ತಿನವರೆಗೆ?"

ಮುಖ್ಯಸ್ಥರು ದಡಕ್ಕೆ ಊಟಕ್ಕೆ ಹೋಗಿದ್ದರು. ಕಾವಲಿನ ದೋಣಿಯಲ್ಲಿ ಇಬ್ಬರು ಈಜುಗಾರರು ತಯಾರಾಗಿದ್ದರು. ಅವರಿಗೆ ವಿಷಯ ತಿಳಿಸಿದಾಗ ಒಬ್ಬ ನಕ್ಕ, ಇನ್ನೊಬ್ಬ ನಗಲಿಲ್ಲ. ಅವಳಿಗೆ ತೇಲುವ ಅಂಗಿ ತೊಡಿಸಿ, ತಲೆಗೆ ಹೆಲ್ಮೆಟ್ಟು ಹಾಕಿ, ಸೊಂಟಕ್ಕೆ ಎರಡು ಪಟ್ಟಿ ಬಿಗಿದು, ದೋಣಿಯ ಚಪ್ಪಟೆ ಬೆನ್ನಿನ ಮೇಲೆ ಬೋರಲು ಮಲಗಿಸಿದರು. ಕೈಯಲ್ಲಿ ವಾಕಿಟಾಕಿ. ಗಲ್ಲದ ಮುಂದೆಯೇ ದೋಣಿಯ ಕ್ಯಾಮೆರಾ ಕಣ್ಣು.

"ಭಯ ಆದ್ರೆ ಕೂಗು," ಎಂದ ಪುಟ್ಟ.

"ಭಯ ಯಾಕಾಗುತ್ತೆ," ಎಂದಳು. ಅಷ್ಟರಲ್ಲಿ ದೋಣಿ ಜಾರಿತು. ಅವಳು ಕೂಗಿದಳು.

ಎಂಥ ಕೂಗು! ಟಗ್ಗಿನವರು ಇಣುಕಿ ನೋಡಿದರು. ನೀರು ಮುಖಕ್ಕೆ ರಾಚಿತು, ಉಪ್ಪು ಮೂಗಿಗೇರಿತು, ಹೊಟ್ಟೆ ಒಂದು ಅಲೆಯ ಮೇಲೆ ಉಳಿದು ಮೈ ಇನ್ನೊಂದು ಅಲೆಗೆ ಹೋಯಿತು. ದೋಣಿ ಹಾರಿತು, ಬಿತ್ತು, ಮತ್ತೆ ಹಾರಿತು. ಜೀವ ಬಾಯಿಗೆ ಬಂದಿತ್ತು ನಿಜ. ಆದರೆ ಎರಡನೆಯ ಸುತ್ತಿಗೆ ಅವಳಿಗೇ ತಿಳಿಯದಂತೆ ಕೂಗು ನಗುವಾಗಿತ್ತು. ನಲವತ್ತಾರು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಒಂದು ಯಂತ್ರದ ಬೆನ್ನಿಗೆ ಹಲ್ಲಿಯಂತೆ ಅಂಟಿಕೊಂಡು, ಬಿಸಿಲಲ್ಲಿ ಮಿನುಗುವ ನೀರಿನ ಮೇಲೆ ಕೇಕೆ ಹಾಕುತ್ತಿದ್ದಳು. ಇಪ್ಪತ್ತಮೂರು ವರ್ಷ ತಾನು ಕಾಗದದ ಮೇಲೆ ನೀಲಿ ಬಣ್ಣ ತುಂಬುತ್ತಿದ್ದದ್ದು ಇದಕ್ಕೇನಾ?

"ಅಕ್ಕಾ! ಸರಿ ಇದೀಯಾ? ಅಳ್ತಿದೀಯಾ?" ವಾಕಿಟಾಕಿಯಲ್ಲಿ ಪುಟ್ಟನ ಗಾಬರಿ.

"ನಗ್ತಿದೀನಿ ಕಣೋ! ಈಗ ಒಳಗೆ ಬಿಡು. ಮೆಲ್ಲಗೆ!"

ದೋಣಿ ಬಾಗಿಲಿನತ್ತ ತಿರುಗಿತು. ನಗು ಅಲ್ಲಿಗೆ ನಿಂತಿತು. ಕಾಗದದ ಮೇಲೆ ಆನೆ ನುಗ್ಗುವಷ್ಟು ಅಗಲವಿದ್ದ ಬಾಗಿಲು ಇಲ್ಲಿಂದ ಸೂಜಿಯ ಕಣ್ಣಿನ ಹಾಗೆ ಕಾಣುತ್ತಿತ್ತು. ಅದೂ ಮೇಲೆ ಕೆಳಗೆ ಕುಣಿಯುವ ಸೂಜಿ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಅಲೆ ಇಳಿಜಾರು ಹತ್ತಿ ಒಳಗೆ ಹೋಯಿತು. ಹೋದ ನೀರಿಗೆ ಮುಂದೆ ದಾರಿಯಿಲ್ಲ. ಹಜಾರದ ಕೊನೆಯ ಗೋಡೆಗೆ ಬಡಿದು, ಸಿಟ್ಟಿನಿಂದ ತಿರುಗಿ, ಇಳಿಜಾರಿನಲ್ಲಿ ಧುಮ್ಮಿಕ್ಕಿ ಹೊರಗೆ ಬರುತ್ತಿತ್ತು. ಹೊರಗಿನಿಂದ ಬರುವ ಮುಂದಿನ ಅಲೆಗೆ ಅದು ಬಾಗಿಲಲ್ಲೇ ಡಿಕ್ಕಿ. ಆ ಡಿಕ್ಕಿಯೇ ನೊರೆಯ ಗೋಡೆ. ಆ ತಿರುಗಿ ಬರುವ ನೀರೇ ನಿನ್ನೆ ದೋಣಿಯನ್ನು ದಬ್ಬಿದ ಕೈ.

"ನಿಲ್ಲಿಸು! ಗೊತ್ತಾಯ್ತು, ಗೊತ್ತಾಯ್ತು!" ಎಂದು ಚೀರಿದಳು. ಅದೇ ಹೊತ್ತಿಗೆ ಆ ನೀರು ಬಂದು ಅವಳ ಮುಖಕ್ಕೇ ಅಪ್ಪಳಿಸಿತು. ಉಳಿದ ಮಾತು ಬರೀ ಗುಳುಗುಳು ಸದ್ದಾಗಿ ಕೇಳಿಸಿತು.

ಬಾರ್ಜಿನ ಮೇಲೆ ಹತ್ತಿಸಿಕೊಂಡಾಗ ಅವಳು ತೊಟ್ಟಿಕ್ಕುತ್ತಿದ್ದಳು. ಹೆಲ್ಮೆಟ್ಟು ಒಂದು ಕಿವಿಯ ಮೇಲೆ ಜಾರಿತ್ತು. "ಎಲ್ಲ ಯಂತ್ರಕ್ಕೂ ಜಾಗ ಕೊಟ್ಟೆ ಪುಟ್ಟಾ. ನೀರಿಗೆ ಕೊಡಲಿಲ್ಲ," ಎಂದಳು. ಹಾಗೆ ಹೇಳಿ, ಬಟ್ಟೆಯನ್ನೂ ಬದಲಿಸದೆ, ಕಾವಲಿನ ದೋಣಿ ಹತ್ತಿ ದಡಕ್ಕೆ ಬಂದು, ಆಫೀಸಿನ ಉದ್ದನೆಯ ಮೊಗಸಾಲೆಯಲ್ಲಿ ಚಪ್ಪಲಿ ಪಚಪಚ ಅನ್ನಿಸುತ್ತ ಪಂಪಿನ ಎಂಜಿನಿಯರ್ ಕೋಣೆಗೆ ಹೋದಳು. ಹಿಂದೆ ಉದ್ದಕ್ಕೂ ಒದ್ದೆ ಹೆಜ್ಜೆ.

ಅವರು ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿದ್ದರು. ಅವಳನ್ನು ನೋಡಿ ಬಿಸ್ಕತ್ತು ಚಹಾದಲ್ಲೇ ಬಿಟ್ಟರು.

"ಸರ್, ಇಳಿಜಾರಿನ ಕೆಳಗೆ ನಿಮಗೆ ಎಷ್ಟು ಬೇಕು ಅಂದಿದ್ರಿ?"

ಅವರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೆಲದ ಮೇಲೆ ಹರಡುತ್ತಿದ್ದ ಪುಟ್ಟ ಕೊಳವನ್ನೂ ನೋಡಿದರು. "ನೀರು ನಿಮ್ಮ ಹತ್ತಿರ ಬಂದು ಮಾತಾಡಿದ ಹಾಗಿದೆ," ಎಂದರು.

"ಕೆನ್ನೆಗೆ ಹೊಡೆದೇ ಮಾತಾಡ್ತು ಸರ್."

ಅವರು ಜೋರಾಗಿ ನಕ್ಕರು. ಹಂಗಿಸಬಹುದಿತ್ತು, ಹಂಗಿಸಲಿಲ್ಲ. ಮೇಜಿನ ಡ್ರಾಯರ್ ತೆಗೆದು, ಆವತ್ತೇ ಬರೆದಿಟ್ಟಿದ್ದ ಹಾಳೆಯನ್ನು ಮುಂದಿಟ್ಟರು. ಇಳಿಜಾರಿನ ನೆಲದಲ್ಲಿ ಅಡ್ಡಡ್ಡಲಾಗಿ ಸೀಳುಗಳು. ಸೀಳುಗಳ ಕೆಳಗೆ ತೊಟ್ಟಿ. ತೊಟ್ಟಿಯಿಂದ ಹಡಗಿನ ಎರಡು ಪಕ್ಕಕ್ಕೂ ಅಗಲವಾದ ಕೊಳವೆ. ಒಳಗೆ ಬಂದ ಅಲೆ ಗೋಡೆ ಮುಟ್ಟುವ ಮೊದಲೇ ನೆಲದೊಳಗೆ ಬಿದ್ದು ಪಕ್ಕದಿಂದ ಸಮುದ್ರ ಸೇರುತ್ತದೆ. ಅವಳು ಹಾಳೆಯನ್ನು ಒದ್ದೆ ಕೈಯಲ್ಲಿ ಎತ್ತಿಕೊಂಡಳು. ಶಾಯಿ ಹರಡಿತು. ಇಬ್ಬರೂ ಬಾರ್ಜಿನ ಕಡೆ ಓಡಿದರು.

ಬೆಸುಗೆಯವರು ಮಧ್ಯಾಹ್ನವಿಡೀ ಇಳಿಜಾರನ್ನು ಕೊಯ್ದರು. ಕಿಡಿ ಹಾರಿತು, ಉಕ್ಕು ಕಿರುಚಿತು. ಬಾರ್ಜಿನ ನೆಲವೇ ಟೊಳ್ಳಾಗಿದ್ದರಿಂದ ತೊಟ್ಟಿಗೆ ಬೇರೆ ಜಾಗ ಹುಡುಕಬೇಕಾಗಲಿಲ್ಲ. ಪಕ್ಕಗಳಲ್ಲಿ ಎರಡು ತೂತು ಕೊರೆದರೆ ಸಾಕಾಯಿತು. ಪಂಪಿನ ಎಂಜಿನಿಯರ್ ಅಂಗಿ ತೋಳು ಮಡಿಚಿಕೊಂಡು ಪ್ರತಿ ಸೀಳಿಗೂ ತಾವೇ ಅಳತೆಪಟ್ಟಿ ಹಿಡಿದರು. ಊಟ ಮುಗಿಸಿ ಬಂದ ಮುಖ್ಯಸ್ಥರು ಬಾಗಿಲಿನ ಇಳಿಜಾರನ್ನು ಕೊಯ್ಯುತ್ತಿರುವುದನ್ನು ಕಂಡು ಬಾರ್ಜಿನ ಕಂಬ ಹಿಡಿದು ನಿಂತರು.

"ನಾಳೆ ಅಧಿಕಾರಿ ಬರ್ತಾರೆ," ಎಂದರು ಕ್ಷೀಣವಾಗಿ.

"ಅದಕ್ಕೇ ಸರ್ ಇವತ್ತು ಕೊಯ್ತಿರೋದು," ಎಂದಳು ನಕ್ಷೆಯಕ್ಕ.

ಮರುದಿನ ಹತ್ತು ಗಂಟೆಗೆ ಹಿರಿಯ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ, ಬೆಳ್ಳಗಿನ ಜಡೆಯನ್ನು ಬಿಗಿಯಾಗಿ ಸುತ್ತಿ ಟೋಪಿಯೊಳಗೆ ತುರುಕಿದ್ದ ಹೆಂಗಸು. ಬೇಕಾದಷ್ಟೇ ಮಾತು. ಬಾರ್ಜಿನ ಅಂಚಿನಲ್ಲಿ ಕೈಕಟ್ಟಿ ನಿಂತು, "ಶುರು ಮಾಡಿ," ಎಂದರು.

ದೋಣಿ ಹೊರಗೆ ಜಾರಿ ದೊಡ್ಡ ಸುತ್ತು ಹಾಕಿತು. ಪುಟ್ಟ ಗುಂಡಿ ಒತ್ತಿದ. ದೋಣಿ ತಿರುಗಿತು. ನಕ್ಷೆಯಕ್ಕನಿಗೆ ನಿಂತಲ್ಲೇ ಬೋರಲು ಮಲಗಿದ ಹಾಗೆ ಆಯಿತು. ಅವಳ ಗಲ್ಲ ತಾನಾಗಿ ಮುಂದೆ ಚಾಚಿತು. ಒಂದು ಅಲೆ ಇಳಿಜಾರು ಹತ್ತಿತು. ನೆಲದ ಸೀಳುಗಳು ಗಟಗಟ ಎಂದು ಅದನ್ನು ಕುಡಿದವು. ಪಕ್ಕಗಳಿಂದ ಎರಡು ಬಿಳಿ ಧಾರೆ ಹೊರಬಿದ್ದವು. ಬಾಗಿಲಲ್ಲಿ ನೊರೆಯೇ ಇಲ್ಲ. ಅಲ್ಲಿ ನೀರು ಮಡಿಸಿಟ್ಟ ಬಟ್ಟೆಯ ಹಾಗೆ ನುಣುಪಾಗಿತ್ತು. ದೋಣಿ ಹಿಂದುಮುಂದು ನೋಡಲಿಲ್ಲ. ಮೂಗು ಎತ್ತಿ, ಅಲೆಯ ಬೆನ್ನೇರಿ, ಸೀದಾ ಒಳಗೆ ಬಂದು ಹಳಿಯ ಮೇಲೆ ಕೂತಿತು. ಟಪ್ ಎಂದು ಕೊಂಡಿ ಬಿತ್ತು.

ಪಂಪಿನ ಎಂಜಿನಿಯರ್ ಮಕ್ಕಳ ಹಾಗೆ ಎರಡು ಕಾಲೂ ಎತ್ತಿ ಕುಪ್ಪಳಿಸಿದರು.

"ಇನ್ನೊಂದು ಸಲ," ಎಂದರು ಅಧಿಕಾರಿ.

ದೋಣಿಯನ್ನು ಹೊರಗೆ ಬಿಟ್ಟರು. ಅದು ಮೂವತ್ತು ಮೀಟರ್ ಹೋಯಿತು, ಯಾರೂ ಕರೆಯದಿದ್ದರೂ ತಿರುಗಿತು, ಬಂದು ಒಳಗೆ ಕೂತಿತು. ಟಪ್. ಪುಟ್ಟ ಗಡಬಡಿಸಿ ಮತ್ತೆ ಹೊರಗೆ ಕಳಿಸಿದ. ಈ ಸಲ ಇಪ್ಪತ್ತು ಮೀಟರ್. ತಿರುಗಿತು. ಟಪ್. ನಾಲ್ಕನೆಯ ಸಲ ಪೂರ್ತಿ ಹೊರಗೆ ಹೋಗುವ ಮೊದಲೇ ವಾಪಸು ಬರಲು ಒದ್ದಾಡಿತು.

"ಏನಾಗ್ತಿದೆ?" ಎಂದರು ಅಧಿಕಾರಿ.

"ಮೇಡಂ... ವಾಪಸು ಬಾ ಅನ್ನೋ ಗುಂಡಿ ಆರಿಸೋಕೆ ಮರೆತಿದೀನಿ," ಎಂದ ಪುಟ್ಟ, ಕಿವಿಯವರೆಗೆ ಕೆಂಪಾಗಿ.

ಅಧಿಕಾರಿಯ ತುಟಿ ನಡುಗಿತು. ಬಿಗಿಹಿಡಿದರು. ಅಷ್ಟರಲ್ಲಿ ದೋಣಿ ಮತ್ತೆ ಒಳಗೆ ಬಂದು ಟಪ್ ಎಂದು ಕೂತಿತು. ಅವರಿಂದ ಆಗಲಿಲ್ಲ. ಟೋಪಿ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. ಅವರು ನಕ್ಕ ಮೇಲೆ ಕೇಳಬೇಕೇ. ಬೆಸುಗೆಯವರು, ಈಜುಗಾರರು, ಟಗ್ಗಿನವರು ಎಲ್ಲರೂ ನಕ್ಕರು. ಮುಖ್ಯಸ್ಥರು ಮೂರು ದಿನಗಳಲ್ಲಿ ಮೊದಲ ಸಲ ಕನ್ನಡಕವನ್ನು ಅದರ ಪಾಡಿಗೆ ಬಿಟ್ಟು ನಕ್ಕರು.

ನಗು ಇಳಿದ ಮೇಲೆ ಅಧಿಕಾರಿ ಕೇಳಿದರು: "ನೀರು ತಿರುಗಿ ಬರ್ತಿದೆ ಅಂತ ಮೇಲಿಂದ ನೋಡಿ ಹೇಗೆ ಗೊತ್ತಾಯ್ತು?"

ನಕ್ಷೆಯಕ್ಕ ಪುಟ್ಟನನ್ನು ನೋಡಿದಳು. ಪುಟ್ಟ ಬೇಡವೆಂದು ತಲೆಯಾಡಿಸಿದ. ಆದರೆ ಅವಳ ಬಾಯಲ್ಲಿ ಏನೂ ನಿಲ್ಲದು. "ಮೇಲಿಂದ ಅಲ್ಲ ಮೇಡಂ. ದೋಣಿ ಮೇಲೆ ಮಲಗಿಕೊಂಡು ಹೋಗಿದ್ದೆ."

"ಈ ಆಳಿಲ್ಲದ ದೋಣಿ ಮೇಲೆ?"

"ನಾನಿದ್ದಷ್ಟು ಹೊತ್ತು ಆಳಿತ್ತು ಮೇಡಂ."

ಮುಖ್ಯಸ್ಥರ ಕೈ ಕನ್ನಡಕಕ್ಕೆ ಹೋಯಿತು. ಅಧಿಕಾರಿ ಟೋಪಿಯನ್ನು ನಿಧಾನವಾಗಿ ತಲೆಗಿಟ್ಟುಕೊಂಡರು. "ನಿಯಮ ಮುರಿದಿದೀರಿ. ನಿಮಗೂ ನಿಮ್ಮ ತಮ್ಮನಿಗೂ ಎಚ್ಚರಿಕೆ ಪತ್ರ ಬರುತ್ತೆ." ಆಮೇಲೆ ದನಿ ತಗ್ಗಿಸಿ ಅವಳ ಕಡೆ ಬಾಗಿದರು. "ಹೇಗಿತ್ತು?"

"ಹೇಳೋಕೆ ಆಗಲ್ಲ ಮೇಡಂ," ಎಂದಳು ನಕ್ಷೆಯಕ್ಕ. ನೆನೆದ ಮಾತ್ರಕ್ಕೇ ಅವಳಿಗೆ ಮತ್ತೆ ನಗು ಉಕ್ಕಿ ಬಂತು.

ಒಪ್ಪಿಗೆಯೂ ಎಚ್ಚರಿಕೆಯೂ ಒಂದೇ ದಿನ ಬಂದವು. ಹಿಂಬಾಗಿಲಿಗೆ ಒಪ್ಪಿಗೆ ಕೊಟ್ಟ ಪತ್ರವನ್ನು ಮುಖ್ಯಸ್ಥರು ಫೈಲಿಗೆ ಸೇರಿಸಿದರು. ತನ್ನ ಎಚ್ಚರಿಕೆಯ ಪತ್ರವನ್ನು ನಕ್ಷೆಯಕ್ಕ ಮನೆಗೆ ತಂದಳು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದಳು. ಪುಟ್ಟ ಸೋಫಾದ ಹಿಂದೆ ನಿಂತು ಬೈಗುಳಕ್ಕೆ ತಯಾರಾಗಿದ್ದ.

ಅಮ್ಮ ಪತ್ರ ಮಡಿಸಿದಳು. "ಅಕ್ಕನ್ನ ಕೂರಿಸಿಕೊಂಡು ಸುತ್ತು ಹೊಡೆಸಿದೀಯ."

"ಅಮ್ಮ, ಅದು ಪರೀಕ್ಷೆಗೆ..."

"ಆರು ವರ್ಷದಿಂದ ದೋಣಿ ಕಟ್ಟಿದೀನಿ, ದೋಣಿ ಕಟ್ಟಿದೀನಿ ಅಂತ ಕೊಚ್ಚಿಕೊಳ್ತೀಯ. ಒಂದು ದಿನ ಆದ್ರೂ ನನ್ನ ಕರೆದ್ಯೇನೋ?"

ಮುಂದಿನ ಭಾನುವಾರ ಬಂದರಿನ ಬಾಡಿಗೆ ದೋಣಿಯೊಂದರಲ್ಲಿ, ಸೀಟು, ಚಾವಣಿ, ಚಾಲಕ ಎಲ್ಲ ಇದ್ದ ದೋಣಿಯಲ್ಲಿ, ಮೂವರೂ ಹೋದರು. ಅಮ್ಮ ಮುಂದಿನ ಸೀಟು ಹಿಡಿದಳು. ಮೊದಲ ಅಲೆಗೆ ದೋಣಿ ಮೂಗು ಎತ್ತಿದಾಗ ಅವಳು ಹಾಕಿದ ಕೇಕೆಗೆ ಚಾಲಕ ಬೆಚ್ಚಿ ವೇಗ ತಗ್ಗಿಸಿದ.

"ಯಾಕಪ್ಪಾ ನಿಧಾನ ಮಾಡಿದೆ?" ಎಂದು ಅಮ್ಮ ಅವನನ್ನು ಗದರಿಸಿದಳು. "ಓಡಿಸು!"